ಎರಡು ಮೊಳ ಕರುಳು

ನನ್ನ ತಮ್ಮನ ತೂಕ ಇಳಿಯುತ್ತಿತ್ತು, ಹಿತ್ತಲಿಗೆ ಬರುವ ಬೆಕ್ಕಿನ ಮೈ ಉಬ್ಬುತ್ತಿತ್ತು. ಇವೆರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ಆಸ್ಪತ್ರೆಯಿಂದ ಮನೆಗೆ ಮರಳುವ ಬಸ್ಸಿನಲ್ಲಿ. ಹೊಳೆದೊಡನೆ ಸೀಟಿನಿಂದ ಎದ್ದು ನಿಂತೆ. ಪಕ್ಕದಲ್ಲಿದ್ದ ಹೆಂಗಸು ನಾನು ಇಳಿಯುವವಳೆಂದುಕೊಂಡು ಕಾಲು ಸರಿಸಿ ದಾರಿ ಬಿಟ್ಟಳು. ನಾನು ಮತ್ತೆ ಕೂತೆ. ಕೂತರೂ ಮೊಣಕಾಲು ಕುಣಿಯುತ್ತಲೇ ಇತ್ತು. ಆ ಬಸ್ಸನ್ನು ಹಿಂದಿನಿಂದ ತಳ್ಳಿಕೊಂಡು ಹೋಗುವಷ್ಟು ಆತುರ ನನಗೆ.

ಆ ವರ್ಷದ ಮೊದಲಲ್ಲಿ ನನ್ನ ಯಜಮಾನರು ತೀರಿಕೊಂಡಿದ್ದರು. ಆ ದುಃಖ ಇನ್ನೂ ಹಸಿಯಾಗಿರುವಾಗಲೇ, ಒಂದು ಮಧ್ಯಾಹ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಅವನ ಸಣ್ಣ ಕರುಳು ತನ್ನಷ್ಟಕ್ಕೆ ತಾನೇ ತಿರುಚಿಕೊಂಡು, ರಕ್ತ ಹರಿಯುವುದು ನಿಂತು, ಕಪ್ಪಾಗಿ ಹೋಗಿತ್ತು. ಕಪ್ಪಾದದ್ದನ್ನೆಲ್ಲ ಕತ್ತರಿಸಿ ತೆಗೆಯದೆ ಬೇರೆ ದಾರಿಯಿರಲಿಲ್ಲ. ಮನುಷ್ಯನ ಸಣ್ಣ ಕರುಳನ್ನು ಬಿಡಿಸಿ ಹಾಸಿದರೆ ಕೋಣೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಿ ಅರ್ಧ ದಾರಿ ಮರಳಿ ಬರುವಷ್ಟು ಉದ್ದವಂತೆ. ತಮ್ಮನಿಗೆ ಉಳಿದದ್ದು ಎರಡು ಮೊಳ.

ತಿಂದದ್ದು ಮೈಗೆ ಹತ್ತುವುದು ಸಣ್ಣ ಕರುಳಿನಲ್ಲೇ. ಅದು ಇಲ್ಲವಾದ ಮೇಲೆ ಅವನ ಎದೆಯೊಳಕ್ಕೆ ಒಂದು ಸಪೂರ ನಳಿಕೆ ಇಳಿಸಿ, ಹಾಲಿನಂತೆ ಬಿಳಿಯಾದ ಆಹಾರದ ಚೀಲವೊಂದನ್ನು ಅದಕ್ಕೆ ಜೋಡಿಸಿದರು. ಅದು ನೇರವಾಗಿ ರಕ್ತಕ್ಕೆ ಹೋಗುತ್ತಿತ್ತು. ಅವನಿಗೆ ಮದುವೆಯಾಗಿರಲಿಲ್ಲ. ನಾನು ನಮ್ಮ ಮನೆಗೇ ಕರೆತಂದೆ. ಒಬ್ಬಳು ನರ್ಸು ದಿನವೂ ಬಂದು ಚೀಲ ಸಿಕ್ಕಿಸಿ, ವಾರಕ್ಕೊಮ್ಮೆ ತೂಕ ನೋಡಿ ಹೋಗುತ್ತಿದ್ದಳು. ಒಮ್ಮೆ ಆ ನಳಿಕೆಯಲ್ಲಿ ನಂಜು ಸೇರಿ ಜ್ವರ ಬಂದು, ತಮ್ಮ ಸಾವಿನ ಬಾಗಿಲು ಮುಟ್ಟಿ ಬಂದಿದ್ದ. ನಳಿಕೆ ಇರುವಷ್ಟು ದಿನ ಆ ಭಯ ತಪ್ಪಿದ್ದಲ್ಲ. ಅದನ್ನು ತೆಗೆಯಬೇಕಾದರೆ ಉಳಿದ ಎರಡು ಮೊಳವೇ ಪೂರ್ತಿ ಕೆಲಸ ಕಲಿಯಬೇಕಿತ್ತು. ಅದಕ್ಕಾಗಿ ಚೀಲವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ, ಬಾಯಿಂದ ಹೆಚ್ಚು ಹೆಚ್ಚು ತಿನ್ನಿಸುತ್ತ ಬರಲು ಹೇಳಿದ್ದರು. ನಾನು ಹೇಳಿದಂತೆಯೇ ಬೇಯಿಸಿ, ಮೆದುವಾಗಿ ಹಿಸುಕಿ, ಅವನ ಕೋಣೆಗೆ ಕೊಟ್ಟು ಬರುತ್ತಿದ್ದೆ. ತಟ್ಟೆ ತೊಳೆದಿಟ್ಟಂತೆ ಖಾಲಿಯಾಗಿ ಮರಳುತ್ತಿತ್ತು. ಆದರೂ ತೂಕ ಇಳಿಯುತ್ತಿತ್ತು. ಆ ದಿನ ಡಾಕ್ಟರು ನನ್ನೊಬ್ಬಳನ್ನೇ ಕರೆಸಿದ್ದು ಅದಕ್ಕೆ.

ಅಲ್ಲಿ ನಾನು ಕಂಡದ್ದನ್ನು ಹೇಳುವ ಮೊದಲು ನಮ್ಮ ಕಸುಬಿನ ಒಂದು ಮಾತು. ಯಜಮಾನರು, ತಮ್ಮ, ನಾನು, ಮೂವರೂ ಒಂದೇ ಟವೆಲ್ ಕಾರ್ಖಾನೆಯಲ್ಲಿ ದುಡಿದವರು. ಯಜಮಾನರು ಮಗ್ಗದಲ್ಲಿ, ತಮ್ಮ ಬಟ್ಟೆ ಒಗೆಯುವ ತೊಟ್ಟಿಯಲ್ಲಿ, ನಾನು ಇವರಿಬ್ಬರ ನಡುವೆ ತಪಾಸಣೆಯ ಮೇಜಿನಲ್ಲಿ. ಟವೆಲ್ಲಿನ ಮೈಮೇಲೆ ಒತ್ತೊತ್ತಾಗಿ ಎದ್ದು ನಿಂತಿರುವ ದಾರದ ಸಣ್ಣ ಕುಣಿಕೆಗಳೇ ನೀರನ್ನು ಹಿಡಿಯುವುದು. ಬೋಳು ಬಟ್ಟೆ ನೀರನ್ನು ಅತ್ತಿಂದಿತ್ತ ದೂಡುತ್ತದೆ, ಅಷ್ಟೆ. ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಅಂಗೈಯಾಡಿಸಿ, ಕುಣಿಕೆ ಕಿತ್ತ ತುಂಡುಗಳನ್ನು ಬದಿಗಿಡುವುದು ನನ್ನ ಕೆಲಸ. ಅವನ್ನು ಸೂಜಿಯಿಂದ ಸರಿಪಡಿಸಿ, ನಾನು ಮತ್ತೊಮ್ಮೆ ಕೈಯಾಡಿಸಿ ಒಪ್ಪುವವರೆಗೆ ನೀರು ಸೋಕಿಸುವಂತಿರಲಿಲ್ಲ. ಸೋಕಿದರೆ ಸುತ್ತಲಿನ ಎಳೆಗಳೂ ಸಡಿಲವಾಗಿ ತುಂಡು ಪೂರ್ತಿ ಕೆಡುತ್ತಿತ್ತು.

ಊಟದ ಡಬ್ಬಿ ಬಿಚ್ಚಿದರೆ ಸಾಕು, ಭಾವ-ಭಾವಮೈದರ ಜಗಳ ಶುರು. ಟವೆಲ್ ಹುಟ್ಟುವುದು ನನ್ನ ಮಗ್ಗದಲ್ಲಿ, ನೀನು ಅದನ್ನು ಅದ್ದಿ ತೆಗೆಯುವವನು ಎಂದು ಇವರು. ನಿಮ್ಮ ಹೊಸ ಟವೆಲ್ ಗಂಜಿ ಕುಡಿದು ಸೆಟೆದುಕೊಂಡಿರುತ್ತದೆ, ನೀರು ಚೆಲ್ಲಿದರೆ ಮುತ್ತಿನ ಹಾಗೆ ಉರುಳಿ ಹೋಗುತ್ತದೆ, ನನ್ನ ತೊಟ್ಟಿಯಲ್ಲಿ ಮುಳುಗೆದ್ದ ಮೇಲೆಯೇ ಕುಣಿಕೆಗಳು ಅರಳಿ ನೀರು ಕುಡಿಯಲು ಕಲಿಯುವುದು ಎಂದು ಅವನು. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ತೊಟ್ಟಿರಾಯ ಎಂದೇ ಕರೆಯುತ್ತಿದ್ದರು.

ಡಾಕ್ಟರಮ್ಮ ನನಗೆ ಮಗಳಾಗುವ ವಯಸ್ಸಿನವರು. ತಮ್ಮನ ಕರುಳಿನ ಒಳಗೋಡೆಯಿಂದ ತೆಗೆದ ಚೂರಿನ ಚಿತ್ರವನ್ನು, ಎಷ್ಟೋ ಪಾಲು ದೊಡ್ಡದು ಮಾಡಿ, ತೆರೆಯ ಮೇಲೆ ತೋರಿಸಿದರು. ನಾನು ಕುರ್ಚಿಯ ಅಂಚಿಗೆ ಬಂದೆ. ಸಾಲು ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡು, ಬೆರಳಿನಂಥ ಕುಚ್ಚುಗಳು ನಿಂತಿದ್ದವು. ನನ್ನ ಅಂಗೈ ತಾನಾಗಿಯೇ ತೆರೆಯ ಹತ್ತಿರ ಹೋಯಿತು.

"ಇದು ನಮ್ಮ ಟವೆಲ್ಲು" ಎಂದೆ.

ಡಾಕ್ಟರಮ್ಮ ನಕ್ಕರು. ಟವೆಲ್ಲಿಗಿಂತ ಇದು ಒಂದು ಕೈ ಮೇಲು ಎಂದರು. ಟವೆಲ್ ಸಿಕ್ಕಿದ್ದನ್ನು ಹಿಡಿದುಕೊಂಡು ಹಿಂಡುವವರಿಗಾಗಿ ಕಾಯುತ್ತದೆ. ಇದು ಆರಿಸಿ ತೆಗೆದುಕೊಂಡು, ಯಾವುದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುತ್ತದೆ. ಅನ್ನವಾಗಲಿ ಮೊಟ್ಟೆಯಾಗಲಿ ಇದ್ದ ಹಾಗೆ ಒಳಗೆ ಹೋಗುವುದಿಲ್ಲವಂತೆ. ಪಿತ್ತರಸ ಬಂದು, ಸೋಪು ಜಿಡ್ಡನ್ನು ಒಡೆಯುವ ಹಾಗೆ, ಕೊಬ್ಬನ್ನು ಹನಿಹನಿಯಾಗಿ ಒಡೆಯುತ್ತದೆ. ಮೇದೋಜೀರಕದ ರಸ ಬಂದು ಉಳಿದದ್ದನ್ನು ಕತ್ತರಿಯಂತೆ ಚೂರು ಚೂರು ಮಾಡುತ್ತದೆ. ಅನ್ನ ಸಕ್ಕರೆಯಾಗುತ್ತದೆ. ಆಮೇಲೆಯೇ ಈ ಕುಚ್ಚುಗಳ ಸರದಿ. ಒಂದೊಂದರ ಮೈಮೇಲೂ ಇನ್ನೂ ಸೂಕ್ಷ್ಮವಾದ ಎಳೆಗಳು, ಒಂದೊಂದರ ಹೊಟ್ಟೆಯೊಳಗೂ ಕೂದಲಿಗಿಂತ ಸಣ್ಣ ರಕ್ತದ ಕಾಲುವೆ. ಸಕ್ಕರೆ, ಮೊಟ್ಟೆಯ ಸತ್ವ ಎಲ್ಲ ಆ ಕಾಲುವೆ ಹಿಡಿದು ಮೊದಲು ಯಕೃತ್ತಿಗೆ ಹೋಗುತ್ತವೆ. ಕೊಬ್ಬಿಗೆ ಮಾತ್ರ ಬೇರೆ ದಾರಿ. ಅದು ಹಾಲಿನಂಥ ಸಣ್ಣ ತೊರೆಯಾಗಿ ಮೇಲೇರಿ, ಕತ್ತಿನ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಇನ್ನೊಂದು ಮಾತು ಕೇಳಿ ನನಗೆ ಮೈ ಜುಮ್ಮೆಂದಿತು: ಈ ಒಳಪದರ ಹಳೆಯದು ಉದುರಿ, ವಾರದೊಳಗೆ ಹೊಸದಾಗುತ್ತಲೇ ಇರುತ್ತದಂತೆ. ಅಂದರೆ ನಾವು ನಿದ್ದೆ ಮಾಡಲಿ, ಅಳುತ್ತಿರಲಿ, ಒಳಗೆ ಭಗವಂತನ ಮಗ್ಗ ನಿಂತಿಲ್ಲ.

ಹಾಗಾದರೆ ತಮ್ಮನ ಎರಡು ಮೊಳ ಬೆಳೆಯುವುದೇ ಎಂದು ಕೇಳಿದೆ. ಉದ್ದ ಅಷ್ಟೇನೂ ಬೆಳೆಯದು, ಆದರೆ ಈ ಕುಚ್ಚುಗಳು ಇನ್ನಷ್ಟು ಎತ್ತರವಾಗಿ, ದಟ್ಟವಾಗಿ, ಹೋದ ಕರುಳಿನ ಕೆಲಸವನ್ನೂ ಬಹಳ ಮಟ್ಟಿಗೆ ಹೊತ್ತುಕೊಳ್ಳಬಲ್ಲವು ಎಂದರು. ಆದರೆ ಒಂದು ಷರತ್ತು.

"ಊಟ ಅದನ್ನ ಮುಟ್ಟಬೇಕಮ್ಮ. ಚೀಲ ಮೈಯನ್ನ ಸಾಕತ್ತೆ, ಕರುಳನ್ನ ಸಾಕಲ್ಲ. ಊಟ ಮುಟ್ಟದ ಕರುಳು ಬೋಳಾಗ್ತಾ ಹೋಗತ್ತೆ. ನಿಮ್ಮ ತಮ್ಮ ನಿಜವಾಗ್ಲೂ ತಿಂತಿದ್ದಾರಾ?"

ತಟ್ಟೆ ನೆಕ್ಕಿದ ಹಾಗೆ ಖಾಲಿಯಾಗಿ ಬರುತ್ತದೆ ಎಂದೆ. ಅವರು ತಲೆಯಾಡಿಸಲಿಲ್ಲ. ಮುಂದಿನ ಭೇಟಿಯ ಹೊತ್ತಿಗೂ ಹೀಗೆಯೇ ಇಳಿದಿದ್ದರೆ ಚೀಲವನ್ನು ಮತ್ತೆ ಪೂರ್ತಿ ಹಾಕಿ, ಬದುಕಿರುವವರೆಗೂ ಹಾಗೆಯೇ ಬಿಡಬೇಕಾಗುತ್ತದೆ, ನಳಿಕೆಗೆ ಇನ್ನೊಮ್ಮೆ ನಂಜು ಏರಿದರೆ ತಾನು ಯಾವ ಭರವಸೆಯನ್ನೂ ಕೊಡಲಾರೆ ಎಂದರು.

ನೆಕ್ಕಿದ ಹಾಗೆ. ನಾನಾಡಿದ ಮಾತೇ ಬಸ್ಸಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು.

ಮುಂಬಾಗಿಲಿಗೆ ಹೋಗದೆ ಹಿಂದಿನ ಓಣಿಯಿಂದ ಬಂದೆ. ಹೋಗುವ ಮೊದಲು ಅವನ ಮೇಜಿನ ಮೇಲೆ ಅನ್ನ, ಮೊಟ್ಟೆ ಮುಚ್ಚಿಟ್ಟು ಹೋಗಿದ್ದೆ. ನಾನು ಗೋಡೆಯ ಮೂಲೆ ತಿರುಗುವುದಕ್ಕೂ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಬರುವುದಕ್ಕೂ ಸರಿಹೋಯಿತು. ಕೈಯಲ್ಲಿದ್ದ ತಟ್ಟೆ ಮೆಲ್ಲನೆ ವಾಲಿತು. ಕೆಳಗೆ ಬೆಕ್ಕು ಬಾಲ ನೆಟ್ಟಗೆ ಮಾಡಿಕೊಂಡು ಕಾದಿತ್ತು.

"ಉಪ್ಪು ಸರಿಯಾಗಿದೆಯಾ ಅಂತ ಅದನ್ನ ಕೇಳು" ಎಂದೆ.

ಕೈ ಇದ್ದಲ್ಲೇ ನಿಂತಿತು. ನಾನು ಸುತ್ತು ಹಾಕಿ ಕೋಣೆಗೆ ಹೋಗುವಷ್ಟರಲ್ಲಿ ಅವನು ಮಂಚದ ಮೇಲೆ ಕೂತು, ಏನೂ ಅರಿಯದವನಂತೆ ಪೇಪರು ಬಿಡಿಸಿಕೊಂಡಿದ್ದ.

"ಪಾಪ, ಬೆಕ್ಕಿಗೆ ಮರಿ ಆಗೋ ಹಾಗಿದೆ ಅಕ್ಕ. ಅದಕ್ಕೇ ಒಂದು ತುತ್ತು."

"ಅದು ಗಂಡು ಬೆಕ್ಕು ಕಣೋ."

ಪೇಪರು ಕೆಳಗಿಳಿಯಿತು. ಆಮೇಲೆ ಅವನು ಹೇಳಿದ್ದನ್ನು ಕೇಳಿ, ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಅವನು ಸೋಮಾರಿತನದಿಂದಾಗಲಿ, ರುಚಿ ಹಿಡಿಸದೆಯಾಗಲಿ ಚೆಲ್ಲುತ್ತಿರಲಿಲ್ಲ. ಕರುಳನ್ನು ಕಾಪಾಡುತ್ತಿದ್ದ.

"ಕತ್ತರಿಸಿ ಹೊಲಿದಿರೋ ತುಂಡು ಅದು. ಹೊಲಿಗೆ ಕೂತಿದೆ ಅಂತ ಗೊತ್ತಾಗದೆ ಯಾರಾದ್ರೂ ನೀರಿಗೆ ಹಾಕ್ತಾರಾ? ನಿನ್ನ ಮೇಜು ದಾಟದೆ ಒಂದೇ ಒಂದು ತುಂಡು ನನ್ನ ತೊಟ್ಟಿಗೆ ಬಂದಿದೆಯಾ? ನೀನೇ ಬಿಡ್ತಿರ್ಲಿಲ್ಲ. ಚೀಲ ಹೇಗೂ ಸಾಕ್ತಾ ಇದೆ. ಅದು ಒಣಗಿ, ಗಟ್ಟಿಯಾಗಿ, ಆಮೇಲೆ ತಿಂದ್ರಾಯ್ತು ಅಂತ ಇದ್ದೆ."

ಅದು ನಮ್ಮ ಕಾರ್ಖಾನೆಯ ಕಟ್ಟಳೆ. ನನ್ನ ಕೈಯಿಂದಲೇ ಕಲಿತ ಕಟ್ಟಳೆ. ನಾನು ಅವನ ಎದುರು ಸ್ಟೂಲು ಎಳೆದುಕೊಂಡು ಕೂತು, ಡಾಕ್ಟರಮ್ಮ ತೋರಿಸಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಧ್ವನಿ ಏರಿತು. ಬಾಗಿಲ ಹಿಂದೆ ನೇತುಹಾಕಿದ್ದ ಟವೆಲ್ ಎಳೆದು ಅವನ ಮಡಿಲಿಗೆ ಹಾಕಿ, ಕುಣಿಕೆಗಳ ಮೇಲೆ ಅವನ ಬೆರಳು ಒತ್ತಿಸಿದೆ. ಕುಣಿಕೆಗಳು ಕಿತ್ತುಹೋಗಿಲ್ಲ, ಇವೆ, ನಿಂತಿವೆ, ನಾನು ಕಣ್ಣಾರೆ ಕಂಡು ಬಂದೆ ಎಂದೆ.

"ಹೊಲಿಗೆ ಯಾವಾಗ್ಲೋ ಕೂತಾಯ್ತು. ಈಗ ಬೇಕಾಗಿರೋದು ತೊಟ್ಟಿ. ನಿನ್ನ ಭಾವನ ಜೊತೆ ಜೀವಮಾನ ಇಡೀ ಏನಂತ ಜಗಳ ಆಡಿದೆ? ನೀರಲ್ಲಿ ಮುಳುಗದೆ ಹೊಸ ಟವೆಲ್ ನೀರು ಕುಡಿಯೋದನ್ನ ಕಲಿಯಲ್ಲ ಅಂತ ತಾನೇ? ಈಗ ನಿನ್ನ ಹೊಟ್ಟೆಯೊಳಗೇ ಹೊಸ ಟವೆಲ್ ಇದೆ, ಅದನ್ನ ಬೀರುವಲ್ಲಿ ಇಟ್ಟುಕೊಂಡು ಕೂತಿದೀಯ."

ತೊಟ್ಟಿರಾಯ ಟವೆಲ್ಲನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ. ಕಡೆಗೆ ತಲೆ ತಗ್ಗಿಸಿಕೊಂಡೇ, ಇನ್ನೊಂದು ಕಾರಣವನ್ನೂ ಹೇಳಿದ.

"ತಿಂದ್ರೆ ನಿಲ್ಲಲ್ಲ ಅಕ್ಕ. ಓಡಬೇಕು. ಒಂದೊಂದ್ಸಲ ಓಡೋಕೂ ಆಗಲ್ಲ. ಊರಿಗೆಲ್ಲ ಟವೆಲ್ ಒಗೆದು ಕೊಟ್ಟವನು ನಾನು. ನನ್ನ ಹಾಸಿಗೆ ಬಟ್ಟೆನ ನಿನ್ನ ಕೈಲಿ ಒಗೆಸಲಾ?"

"ನೀನು ನಡೆಯೋಕೆ ಕಲಿಯೋ ಮುಂಚೆ ಯಾರು ಒಗೆದಿದ್ದು?"

ಅವನ ಕಣ್ಣು ತುಂಬಿತು. ಆದರೆ ಅಷ್ಟಕ್ಕೆ ಸೋಲುವವನಲ್ಲ. ಕಣ್ಣೊರೆಸಿಕೊಂಡವನೇ ನನ್ನ ಕಡೆ ಬೆರಳು ತೋರಿಸಿದ. ನೀನು ತಿನ್ನುತ್ತೀಯಾ ಎಂದು ಕೇಳಿದ. ನಾನು ದೇವರಿಗೆ ಉಪವಾಸ ಹೊತ್ತಿದ್ದೇನೆ ಎಂದೆ.

"ಭಾವ ಹೋದಾಗಿಂದ ನಿನ್ನ ತಟ್ಟೇನೂ ನೋಡ್ತಾ ಇದೀನಿ. ಯಾವ ದೇವರು ದಿನಾ ಉಪವಾಸ ಕೇಳ್ತಾನೆ? ನಾನು ಹೊಲಿಗೆ ಮೇಲೆ ಹಾಕ್ತೀನಿ, ನೀನು ದೇವರ ಮೇಲೆ ಹಾಕ್ತೀಯ. ನೀನು ನನ್ನ ಎದುರು ಕೂತು ತಿಂದ್ರೆ ನಾನೂ ತಿಂತೀನಿ. ಇಲ್ಲಾಂದ್ರೆ ಬೆಕ್ಕಿಗೆ."

ಅಂದು ಸಂಜೆ ದೇವರ ಮುಂದೆ ಬಹಳ ಹೊತ್ತು ಕೂತೆ. ನನ್ನ ಗಂಟಲಲ್ಲಿ ಅನ್ನ ಇಳಿಯದ ದಿನಗಳನ್ನು ನಾನು ದೇವರ ಪಾದಕ್ಕೆ ಹಾಕಿ, ಭಕ್ತಿಯೆಂದು ಕರೆದಿದ್ದೆ. ಅವನು ಬೇಡವೆಂದಿರಲಿಲ್ಲ, ಬೇಕೆಂದೂ ಅಂದಿರಲಿಲ್ಲ. ಒಳಗಿನ ನೇಯ್ಗೆ ನಿನ್ನದು, ಹೊರಗಿನ ಒಲೆ ನನ್ನದು, ಇವನೊಬ್ಬನನ್ನು ನನಗೆ ಉಳಿಸಿಕೊಡು ಎಂದಷ್ಟೇ ಕೇಳಿಕೊಂಡು ಎದ್ದೆ. ಎದ್ದು ಎರಡು ಬಟ್ಟಲು ತೊಳೆದೆ.

ಮರುದಿನದಿಂದ ಮನೆಯಲ್ಲಿ ಬೇರೆ ಕೆಲಸವೇ ಇಲ್ಲ. ದೊಡ್ಡ ತಟ್ಟೆ ಅಟ್ಟಕ್ಕೆ ಹೋಯಿತು, ಸಣ್ಣ ಬಟ್ಟಲು ಬಂತು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ, ನುಣ್ಣಗೆ ಅಗಿದು. ಊಟದ ನಡುವೆ ಬರಿ ನೀರು ಗಟಗಟ ಕುಡಿಯುವಂತಿಲ್ಲ. ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಹೀರಬೇಕು. ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು. ಅವನೊಂದು ಬಟ್ಟಲು, ನಾನೊಂದು ಬಟ್ಟಲು. ನಾನು ಚಮಚ ನಿಲ್ಲಿಸಿದರೆ ಅವನೂ ನಿಲ್ಲಿಸಿ ಗೋಡೆ ನೋಡುತ್ತಿದ್ದ.

ಮೊದಮೊದಲು ಯುದ್ಧವೇ. ತಿಂದ, ಓಡಿದ. ಮತ್ತೆ ತಿಂದ, ಮತ್ತೆ ಓಡಿದ. ಹಾಸಿಗೆ ಬಟ್ಟೆ ನಾನು ಒಗೆದೆ. ಸೋಪು ಜಾಸ್ತಿ ಹಾಕಿದೆ, ಜಾಲಿಸಿದ್ದು ಸಾಲದು ಎಂದು ಅವನು ಬಾಗಿಲಲ್ಲಿ ನಿಂತು ತಪ್ಪು ಎಣಿಸಿದ. ಆದರೆ ಓಡುವುದು ಮೆಲ್ಲನೆ ಕಡಿಮೆಯಾಯಿತು. ಒಂದು ಊಟ ಹೊಟ್ಟೆಯಲ್ಲಿ ಉಳಿಯಿತು. ಅಂದು ನಾವಿಬ್ಬರೂ, ಕಿಟಕಿಗೆ ಬಂದು ಕೂತ ಹಕ್ಕಿ ಹಾರಿ ಹೋದೀತೆಂದು ಹೆದರಿದವರಂತೆ, ಅಲುಗಾಡದೆ ಕೂತಿದ್ದೆವು. ಆಮೇಲೆ ಅವನಿಗೆ ಧೈರ್ಯ ಬಂತು. ತಿಂದಾದ ಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಬಸ್ ಕಂಡಕ್ಟರನ ಧ್ವನಿಯಲ್ಲಿ ಶುರುಮಾಡುತ್ತಿದ್ದ:

"ಅನ್ನದವರು, ಮೊಟ್ಟೆಯವರು ಈ ಬಾಗಿಲು, ಯಕೃತ್ತಿಗೆ ನೇರ ಬಸ್ಸು. ಏ ಬೆಣ್ಣೆ, ನೀನ್ಯಾಕೆ ಇಲ್ಲಿ ನುಗ್ತೀಯ? ನಿಂದು ಆ ಕಡೆ, ಕತ್ತಿನ ಸ್ಟಾಪು. ಮುಂದೆ ನಡೀರಿ, ಎರಡೇ ಮೊಳ ಜಾಗ ಇರೋದು, ಒತ್ತಿ ನಿಂತ್ಕೊಳ್ಳಿ."

ನಾನು ನಗುತ್ತಿದ್ದೆ. ಯಜಮಾನರು ಹೋದಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಆಗಲೇ. ಮೊದಲ ಸಲ ನನ್ನ ನಗು ನನಗೇ ಬೇರೆಯವರದೆನ್ನಿಸಿತು.

ಹೀಗಿರುವಾಗ ಒಂದು ಬೆಳಗಿನ ಹೊತ್ತು, ನಾನು ಬಟಾಣಿ ಸುಲಿಯುತ್ತಿದ್ದೆ. ಅವನು ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಮುಖ ಬೇರೆಯೇ ಆಗಿತ್ತು.

"ಅಕ್ಕ, ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗೆ ಆಗ್ತಿದೆ."

ಬಟಾಣಿ ನೆಲದ ತುಂಬ ಹರಡಿತು. ಅವನು ಕುಸಿದ ಆ ಮಧ್ಯಾಹ್ನ ಕಣ್ಣೆದುರು ಬಂತು. ಎಲ್ಲಿ, ಎಷ್ಟು ಹೊತ್ತಿನಿಂದ, ತಿರುಚಿದ ಹಾಗೋ ಚುಚ್ಚಿದ ಹಾಗೋ ಎಂದು ಕೇಳುತ್ತಲೇ ಫೋನು ಹುಡುಕಿದೆ. ಆಸ್ಪತ್ರೆಯ ನಂಬರು ಒತ್ತತೊಡಗಿದೆ. ಅವನು ಕೈಯೆತ್ತಿ ತಡೆದ. ಒಳಗಿನಿಂದ ಬರುವ ಯಾವುದೋ ಸದ್ದು ಕೇಳುವವನಂತೆ ತಲೆ ಓರೆ ಮಾಡಿ ನಿಂತ.

"ತಾಳು. ನೋವಲ್ಲ ಇದು. ಹಸಿವು ಅನ್ಸತ್ತೆ. ಹೀಗೇ ತಾನೇ ಇರೋದು? ಮರೆತೇ ಹೋಗಿತ್ತು."

ಚೀಲ ಬಂದಾಗಿನಿಂದ ಅವನಿಗೆ ಹಸಿವೆಂಬುದೇ ಇರಲಿಲ್ಲ. ಗಡಿಯಾರ ನೋಡಿ ತಿನ್ನುತ್ತಿದ್ದ, ನನ್ನ ಮುಖ ನೋಡಿ ತಿನ್ನುತ್ತಿದ್ದ. ಈಗ ಹಸಿವು, ಕರೆಯದ ನೆಂಟನಂತೆ, ತಾನಾಗಿಯೇ ಬಾಗಿಲಿಗೆ ಬಂದಿತ್ತು. ಬಟಾಣಿಯ ಮೇಲೆ ಕಾಲಿಡುತ್ತ, ಜಾರುತ್ತ, ನಾನು ಅನ್ನ ಬಡಿಸಿದೆ. ಅವನು ನಿಂತೇ ತಿಂದ. ಕೂತುಕೋ ಎಂದು ಹೇಳುವುದಕ್ಕೂ ನನಗೆ ಮರೆತಿತ್ತು.

ನರ್ಸು ಆ ವಾರ ತೂಕ ನೋಡಿ, ನಂಬಲಾಗದೆ ಇನ್ನೊಮ್ಮೆ ನೋಡಿದಳು. ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಚೀಲವನ್ನು ದಿನ ಬಿಟ್ಟು ದಿನ ಮಾಡಿದರು. ಆಮೇಲೆ ಇನ್ನೂ ಇಳಿಸಿದರು. ಕಡೆಗೆ ಒಂದು ದಿನ ಪೂರ್ತಿ ನಿಲ್ಲಿಸಿ, ನಳಿಕೆಯ ಬಾಯಿಗೆ ಬಿರಡೆ ಹಾಕಿ, ಹೀಗೆಯೇ ಕೆಲವು ವಾರ ಇರಿ, ಮತ್ತೆ ಬಂದಾಗ ತೂಕ ಇಳಿದಿದ್ದರೆ ಚೀಲ, ಇಳಿಯದಿದ್ದರೆ ನೋಡೋಣ ಎಂದರು. ಆ ವಾರಗಳಲ್ಲಿ ನಾವು ತೂಕದ ಯಂತ್ರದ ಹತ್ತಿರವೂ ಸುಳಿಯಲಿಲ್ಲ. ನೋಡಿದರೆ ದೃಷ್ಟಿಯಾದೀತು ಎಂದು ಅವನು. ನಾನು ಬೈದೆ, ಆದರೆ ನನಗೂ ಅದೇ ಭಯ.

ಆ ದಿನ ಬಂತು. ಆಸ್ಪತ್ರೆಯ ಯಂತ್ರ ಹಳೆಯ ಕಾಲದ್ದು, ಗಡಿಯಾರದಂತೆ ಮುಳ್ಳಿನದು. ತಮ್ಮ ಬೂಟು ಬಿಚ್ಚಲು ಒಪ್ಪಲಿಲ್ಲ. ನರ್ಸು ಬಿಚ್ಚಿಸಿದಳು. ಕನ್ನಡಕ ಇರಬಹುದೇ ಎಂದು ಕೇಳಿದ. ಅದು ಇರಲಿ ಎಂದಳು. ಹಲ್ಲಿನ ಸೆಟ್ಟೂ ಇರಬಹುದೇ ಎಂದ. ಡಾಕ್ಟರಮ್ಮ ಬಂದು ನಿಂತರು. ಅವನು ಹತ್ತಿದ. ಮುಳ್ಳು ತುಯ್ದಾಡಿತು, ಅತ್ತ ಹೋಯಿತು, ಇತ್ತ ಬಂತು, ನಿಂತಿತು.

ಹಿಂದಿನ ಸಲ ನಿಂತಲ್ಲೇ ನಿಂತಿತು. ಕೂದಲೆಳೆಯಷ್ಟೂ ಮೇಲಿಲ್ಲ.

ಅಷ್ಟೆಲ್ಲ ಬಟ್ಟಲುಗಳು, ಅಷ್ಟೆಲ್ಲ ಬೆಣ್ಣೆ, ಒಂದಿಷ್ಟೂ ಏರಲಿಲ್ಲವಲ್ಲ ಎಂದುಕೊಂಡೆ. ತಮ್ಮ ಯಂತ್ರದ ಮೇಲೆಯೇ ನಿಂತು ನನ್ನ ಮುಖ ನೋಡಿದ. ಡಾಕ್ಟರಮ್ಮ ಮಾತ್ರ ಬಗ್ಗಿ ಮುಳ್ಳನ್ನು ನೋಡಿದವರು, ನಗುತ್ತಲೇ ಎದ್ದರು.

"ಏರಿಲ್ಲ ಅಂತ ಯಾಕೆ ಬೇಜಾರು? ಚೀಲ ಇಲ್ಲದೆ ಇಷ್ಟು ವಾರ ಆಯ್ತು, ಒಂದು ಚೂರೂ ಇಳಿದಿಲ್ಲ. ಅಂದ್ರೆ ನಿಮ್ಮನ್ನ ಇಷ್ಟು ದಿನ ಸಾಕಿದ್ದು ನಿಮ್ಮ ಎರಡು ಮೊಳವೇ. ನಳಿಕೆ ಇವತ್ತೇ ತೆಗೀತೀನಿ."

ತಮ್ಮ ಯಂತ್ರದಿಂದ ಇಳಿಯುವುದನ್ನು ಮರೆತ. ನರ್ಸು ಕೈ ಹಿಡಿದು ಇಳಿಸಿದಳು. ಅಷ್ಟು ದಿನ ಆ ನಳಿಕೆಯನ್ನು ಬೈದವನು, ಮಂಚದ ಮೇಲೆ ಮಲಗಿಸಿದಾಗ ಅದನ್ನೇ ಹಿಡಿದುಕೊಂಡ. ಇದು ಇಲ್ಲದಿದ್ದರೆ ನಾನು ಯಾವಾಗಲೋ ಹೋಗಿರುತ್ತಿದ್ದೆ ಎಂದು ಮೆಲ್ಲನೆ ಅಂದ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಕೈಯೊಳಗೆ ಇಟ್ಟುಕೊಂಡೆ. ಚರ್ಮ ಮರಗಟ್ಟಿಸಿ, ಉಸಿರು ಹಿಡಿದುಕೊಳ್ಳಿ ಎಂದರು. ಅವನು ಹಿಡಿದ, ನಾನೂ ಹಿಡಿದೆ. ಡಾಕ್ಟರಮ್ಮ ಹತ್ತಿ ಒತ್ತಿಕೊಂಡು, ಇನ್ನು ಉಸಿರು ಬಿಡಿ ಎಂದಾಗ, ಎಲ್ಲ ಮುಗಿದಿತ್ತು.

ಗಾಯ ಮಾಗುವವರೆಗೆ ನೀರು ಸೋಕಿಸಬಾರದೆಂದು ಹೇಳಿ ಕಳಿಸಿದರು. ಮಾಗಿದ ದಿನ ಅವನು ಬೆಳಗಾಗುತ್ತಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಎದೆಯಲ್ಲಿ ನಳಿಕೆಯಿದ್ದಷ್ಟು ಕಾಲ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡದ್ದೇ ಅವನ ಸ್ನಾನವಾಗಿತ್ತು. ತಲೆಯ ಮೇಲಿಂದ ಒಂದು ಚೊಂಬು ನೀರು ಸುರಿದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಆಮೇಲೆ ಎಡೆಬಿಡದೆ. ನಡುವೆ ಅವನು ಜೋರಾಗಿ, ರಾಗ ತಪ್ಪಿ, ಏನನ್ನೋ ಹಾಡುತ್ತಿದ್ದ.

"ಟ್ಯಾಂಕು ಖಾಲಿ ಮಾಡ್ಬೇಡ್ವೋ" ಎಂದು ಹೊರಗಿನಿಂದ ಕೂಗಿದೆ.

ನೀರಿನ ಸದ್ದು ನಿಲ್ಲಲಿಲ್ಲ. ದೇವರಲ್ಲಿ ಇನ್ನೇನನ್ನೂ ಬೇಡಲು ನನಗೆ ತೋಚಲಿಲ್ಲ. ಒಲೆಯ ಮೇಲೆ ಅನ್ನ ಆಗಿತ್ತು. ಅವನು ಬರಲೆಂದು ಕಾಯಲು ಹೊರಟವಳು, ಕಾಯಲಾರದೆ, ನನ್ನ ಬಟ್ಟಲಿಗೆ ಬಡಿಸಿಕೊಂಡು, ಬಚ್ಚಲಿನ ಬಾಗಿಲೆದುರಿನ ಸ್ಟೂಲಿನ ಮೇಲೆ ಕೂತು ಉಣ್ಣತೊಡಗಿದೆ.